ಸೋಮವಾರ ಬಂದ ಕಲ್ಲಿದ್ದಲು ಲಾರಿ

ಥಾರ್ನ್‌ಶಾ ಊರಿನ ಮೆಥಡಿಸ್ಟ್ ಚರ್ಚಿನ ಬಾಗಿಲಿಗೆ ಒಂದು ಹಳದಿ ಕಾಗದ ಅಂಟಿಸಿದ್ದರು. ಬರುವ ಶನಿವಾರ ಮಧ್ಯಾಹ್ನ ಪಕ್ಕದ ಸಭಾಂಗಣದಲ್ಲಿ ಹೆಡ್ಲಿ ಕ್ರಾಬ್‌ಟ್ರಿ ಎಂಬ ನಿರ್ದೇಶಕರ ‘ಆಲ್ಬಿಯನ್ ಬೀದಿಯವರು’ ಚಿತ್ರವನ್ನು ತೋರಿಸಲಾಗುವುದು. ಚಿತ್ರ ನಮ್ಮ ಊರಿನಲ್ಲೇ, ನಮ್ಮ ಊರಿನವರನ್ನೇ ಹಾಕಿಕೊಂಡು ತೆಗೆದದ್ದು. ಬಳಿಕ ಚಹಾ, ಹ್ಯಾಮ್ ಇಟ್ಟ ಬ್ರೆಡ್ಡು. ಎನಿಡ್ ಸಗ್ಡನ್ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು. ಮೊದಲ ಸಲ ಓದಿದ್ದೇ ಸರಿಯಾಗಿತ್ತು.

“ಯಾಕೇ ದೀಪದ ಕಂಬದ ಹಾಗೆ ನಿಂತೆ?” ಎಂದಳು ಹಿಂದಿನಿಂದ ಮೇವಿಸ್. ಎನಿಡ್ ಮದುವೆಯಾಗಿ ಆಲ್ಬಿಯನ್ ಬೀದಿಗೆ ಬಂದ ದಿನದಿಂದ ಅವಳ ಎದುರು ಮನೆಯವಳು ಈ ಮೇವಿಸ್. “ಓಹೋ, ಇದನ್ನಾ ನೋಡ್ತಿರೋದು? ನಾನಂತೂ ಹೋಗೋಳೇ. ಆಗ ನನಗೆ ಸೊಂಟ ಇತ್ತು. ಅದನ್ನ ಇನ್ನೊಂದು ಸಲ ನೋಡಬೇಕು.”

“ಹೋಗು. ಯಾರು ಬೇಡ ಅಂದ್ರು?”

“ನೀನೂ ಬರ್ತೀಯ.”

“ಮೇವಿಸ್, ನಿನಗೆ ಗೊತ್ತು.”

ಮೇವಿಸ್‌ಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಎನಿಡ್‌ಳ ಗಂಡ ವಿಲ್ಫ್ರೆಡ್ ಗಿರಣಿಯಲ್ಲಿ ಮಗ್ಗ ಸರಿಪಡಿಸುವ ಕೆಲಸದವನು, ಭಾನುವಾರ ಚರ್ಚಿನಲ್ಲಿ ಬಂದವರನ್ನು ನಗುನಗುತ್ತ ಬೆಂಚಿಗೆ ಕರೆದೊಯ್ದು ಕೂರಿಸುವ ಉಸ್ತುವಾರಿ. ಬೆರಳಿನ ಮೇಲೆ ಸುತ್ತಿಗೆ ಬಿದ್ದರೂ “ಅಯ್ಯಯ್ಯೋ” ಎನ್ನುವುದಕ್ಕಿಂತ ಹೆಚ್ಚು ಗಟ್ಟಿಯಾದ ಮಾತನ್ನು ಅವನ ಬಾಯಿಂದ ಯಾರೂ ಕೇಳಿದವರಲ್ಲ. ಅಂಥವನು ಆ ಚಿತ್ರದಲ್ಲಿ, ಎಪ್ಪತ್ತೊಂದನೇ ಇಸವಿಯಲ್ಲಿ, ಲೋಕವೆಲ್ಲ ಕೇಳುವ ಹಾಗೆ ಒಂದು ಕೆಟ್ಟ ಮಾತು ಆಡಿಬಿಟ್ಟ. ಸಾಮಾನ್ಯ ಕೆಟ್ಟ ಮಾತಲ್ಲ. ಗಿರಣಿಯ ಗಂಡಸರೂ ಹೆಂಗಸರು ಬಂದರೆ ನುಂಗಿಕೊಳ್ಳುವಂಥದ್ದು. ಆಗಿನ ಪಾದ್ರಿಗಳು ಅವನನ್ನು ಒಂದು ವರ್ಷ ಉಸ್ತುವಾರಿಯಿಂದ ಇಳಿಸಿದರು. ಎನಿಡ್ ಆ ಚಿತ್ರವನ್ನು ಜನ್ಮದಲ್ಲಿ ನೋಡುವುದಿಲ್ಲವೆಂದು ಆಣೆ ಹಾಕಿದಳು. ಟೀವಿಯಲ್ಲಿ ಅದು ಬಂದ ದಿನ ಟೀವಿಯ ಪ್ಲಗ್ಗನ್ನೇ ಕಿತ್ತು ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. “ಆಯ್ತು ಚಿನ್ನಾ, ನಿನ್ನಿಷ್ಟ” ಎಂದ ವಿಲ್ಫ್ರೆಡ್, ಮತ್ತೆ ಪತ್ರಿಕೆ ಓದತೊಡಗಿದ. ಏಕೆ ಬೈದೆ, ಯಾರನ್ನು ಬೈದೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಚಿತ್ರ ತೆಗೆದ ಆ ದಿನಗಳಲ್ಲಿ ಅವಳು ನಗರದ ಆಸ್ಪತ್ರೆಯಲ್ಲಿದ್ದಳು. ಕಂಡದ್ದೇನೂ ಇರಲಿಲ್ಲ, ಕೇಳಿದ್ದಷ್ಟೇ.

ಆ ವಿಲ್ಫ್ರೆಡ್ ಈ ಫೆಬ್ರವರಿಯಲ್ಲಿ ಹೋಗಿಬಿಟ್ಟ. ದೇವರು ಕೊಟ್ಟ, ದೇವರು ತೆಗೆದುಕೊಂಡ. ಎನಿಡ್‌ಗೆ ಆ ವಿಷಯದಲ್ಲಿ ದೇವರೊಡನೆ ಜಗಳವಿರಲಿಲ್ಲ. ಆದರೆ ಒಂದು ಕೊರತೆ ಅವಳನ್ನು ದಿನವೂ ಹಿಂಡುತ್ತಿತ್ತು. ಅವನ ಮುಖ ಗೋಡೆಯ ಮೇಲಿತ್ತು, ಅಗ್ಗಿಷ್ಟಿಕೆಯ ಮೇಲಿತ್ತು, ಆಲ್ಬಮ್ಮಿನ ತುಂಬ ಇತ್ತು. ಅವನ ದನಿ ಎಲ್ಲಿಯೂ ಇರಲಿಲ್ಲ. ಯಾರೂ ಎತ್ತದಿದ್ದಾಗ ತಾನೇ ಉತ್ತರ ಕೊಡುವ ಫೋನಿನ ಪೆಟ್ಟಿಗೆಯಲ್ಲಿ “ನಾವು ಮನೆಯಲ್ಲಿಲ್ಲ” ಎಂದು ಹೇಳಿದವಳೂ ಅವಳೇ. ಬೆಳಗ್ಗೆ ಎದ್ದು ಕೆಟಲ್ ಇಡುವಾಗ ಅವನು “ಚಹಾ ಆಯ್ತಾ?” ಎನ್ನುತ್ತಿದ್ದುದನ್ನು ನೆನೆಯಲು ಹೋದರೆ ಮಾತು ನೆನಪಾಗುತ್ತಿತ್ತು, ದನಿ ಜಾರುತ್ತಿತ್ತು. “ಸ್ವಾಮಿ, ಅವನನ್ನು ಕರೆದುಕೊಂಡೆ, ಸರಿ. ದನಿಯನ್ನಾದರೂ ಬಿಟ್ಟುಕೊಡು” ಎಂದು ಪ್ರಾರ್ಥಿಸುತ್ತಿದ್ದಳು.

ಈಗ ಆ ದನಿ ಇರುವ ಒಂದೇ ಒಂದು ಜಾಗ ಅವಳು ಆಣೆ ಹಾಕಿ ಬಿಟ್ಟ ಜಾಗ.

“ಅವನು ಅದರಲ್ಲಿ ಎಷ್ಟು ಮಾತಾಡ್ತಾನೆ?” ಎಂದು ಕೇಳಿದಳು, ಏನೂ ಅಲ್ಲವೆಂಬಂತೆ ಕೈಗವಸು ಸರಿಮಾಡಿಕೊಳ್ಳುತ್ತ.

“ಒಂದೇ ಸಲ ಬಾಯಿ ಬಿಡ್ತಾನೆ. ಬಿಟ್ಟಿದ್ದೇ ಬಿಟ್ಟಿದ್ದು, ಕಿಟಕಿ ಗಾಜು ಅಲುಗಬೇಕು.”

“ಬೇರೆ ಎಲ್ಲೂ ಇಲ್ವಾ? ‘ನಮಸ್ಕಾರ’ ಅಂತನೋ, ‘ಮಳೆ ಬರೋ ಹಾಗಿದೆ’ ಅಂತನೋ?”

“ಇಲ್ಲ ಕಣೇ. ಕ್ಲಬ್ಬಲ್ಲಿ ಕೂತಿರ್ತಾನೆ, ಬಿಯರ್ ನೋಡ್ತಾ. ನಿನ್ನ ಗಂಡ ಬಿಯರ್ ಕುಡೀತಿರ್ಲಿಲ್ವಲ್ಲ, ಅದಕ್ಕೆ ಸುಮ್ನೆ ನೋಡ್ತಾನೆ. ಬಾ, ಎನಿಡ್. ಹೇಳಿದ ಮಾತು ಕೇಳು. ಬಾ.”

ಮೇವಿಸ್ ಎಂದೂ ಇಷ್ಟು ಒತ್ತಾಯ ಮಾಡುವವಳಲ್ಲ. ಆದರೆ ಆ ಹೊತ್ತಿಗೆ ಎನಿಡ್‌ಗೆ ಅದು ಹೊಳೆಯಲಿಲ್ಲ.

ಗುರುವಾರ ಪಾದ್ರಿ ಟೆಂಪೆಸ್ಟ್ ಮನೆಗೆ ಬಂದರು. ಇನ್ನೂ ಎಳೆಯ ವಯಸ್ಸಿನವರು, ಒಳ್ಳೆಯವರು. ಒಳ್ಳೆಯತನ ಅವರಲ್ಲಿ ಕುದಿಯುವ ಹಾಲಿನಂತೆ, ಉಕ್ಕಿದರೆ ಒಲೆಯನ್ನೂ ಬಿಡುವುದಿಲ್ಲ. ಚಹಾ ಕುಡಿದು, ಕೇಕ್ ತಿಂದು, ಅವರು ಕುರ್ಚಿಯ ಅಂಚಿಗೆ ಬಂದು ಕೂತರು.

“ಮಿಸೆಸ್ ಸಗ್ಡನ್, ಶನಿವಾರದ ವಿಷಯ. ನಿಮಗೆ ಮುಜುಗರ ಆಗಬಾರದು ಅಂತ ನಾವೆಲ್ಲ ಮಾತಾಡಿಕೊಂಡ್ವಿ. ನಮ್ಮ ಚರ್ಚಿನ ಕ್ಲೆಮ್ ಬಾರಕ್ಲಫ್ ಸೌಂಡಿನ ಪೆಟ್ಟಿಗೆ ಹತ್ರ ಕೂರ್ತಾರೆ. ಆ ಜಾಗ ಬರ್ತಿದ್ದ ಹಾಗೆ ಸೌಂಡು ಪೂರ್ತಿ ತೆಗೆದುಬಿಡ್ತಾರೆ. ಬೀದಿ ತುದಿಯಲ್ಲಿ ಒಂದು ಲಾರಿ ತಿರುಗತ್ತೆ, ಅದೇ ಗುರುತು. ಲಾರಿ ಹೋದ ಮೇಲೆ ಮತ್ತೆ ಹಾಕ್ತಾರೆ. ನಿಮ್ಮ ಯಜಮಾನರ ಗೌರವಕ್ಕೆ ಒಂದು ಚೂರೂ ಕುಂದು ಬರಲ್ಲ.”

ಎನಿಡ್ ಬಾಯಿ ತೆರೆದಳು. ಏನೆಂದು ಹೇಳುವುದು? ಹುಡುಗಿಯಾಗಿದ್ದಾಗಿನಿಂದ ಚರ್ಚಿನ ಹಾಡಿನವರ ಸಾಲಿನಲ್ಲಿ ನಿಂತವಳು, ‘ಪಾದ್ರಿಗಳೇ, ಆ ಹೊಲಸು ಮಾತು ನನಗೆ ಬೇಕು’ ಎನ್ನುವುದೇ? ಬಾಯಲ್ಲಿ ಬಿಸಿ ತುಪ್ಪ, ನುಂಗಲಾರಳು, ಉಗುಳಲಾರಳು.

“ನಿಮ್ಮದು ದೊಡ್ಡ ಮನಸ್ಸು” ಎಂದಳು. “ಇನ್ನೊಂದು ಚೂರು ಕೇಕ್ ತಗೊಳ್ಳಿ.”

ಅವರು ಹೋದ ಮೇಲೆ ಅವಳಿಗೆ ತನ್ನ ಮೇಲೆಯೇ ಕೋಪ ಬಂತು. ಉಳಿದಿದ್ದ ದನಿಯನ್ನೂ ಕೇಕಿನ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟು ಕಳಿಸಿದ ಹಾಗಾಯಿತು. ಆದರೂ ಹೋಗಲೇಬೇಕೆಂದು ಆಗಲೇ ತೀರ್ಮಾನಿಸಿದಳು. ದನಿ ಇಲ್ಲದಿದ್ದರೆ ಬಾಯಿ ಅಲ್ಲಾಡುವುದನ್ನಾದರೂ ನೋಡಿಯಾಳು. ಆಣೆಯ ವಿಷಯ ದೇವರೊಡನೆ ಆಮೇಲೆ ಮಾತಾಡಿಕೊಳ್ಳಬಹುದು.

ಶನಿವಾರ ಸಭಾಂಗಣ ತುಂಬಿಹೋಯಿತು. ಚಹಾದ ದೊಡ್ಡ ಪಾತ್ರೆ ಮೂಲೆಯಲ್ಲಿ ಬುಸುಗುಡುತ್ತಿತ್ತು. ಬಿಳಿ ಪರದೆ, ಅದರ ಮುಂದೆ ಚಿತ್ರ ತೋರಿಸಲು ನಗರದ ಕಾಲೇಜಿನಿಂದ ಬಂದ ರೊವೆನಾ ಎಂಬ ಹುಡುಗಿ. ಪಕ್ಕದಲ್ಲಿ ಕ್ಲೆಮ್ ಬಾರಕ್ಲಫ್ ಸೌಂಡಿನ ಪೆಟ್ಟಿಗೆಯ ಗುಂಡಿಯ ಮೇಲೆ ಕೈಯಿಟ್ಟುಕೊಂಡು, ಬ್ಯಾಂಕಿನ ಕಾವಲುಗಾರನ ಗತ್ತಿನಲ್ಲಿ ಕೂತಿದ್ದ. ಮೇವಿಸ್ ಎನಿಡ್‌ಳನ್ನು ದರದರ ಎಳೆದು ಮುಂದಿನ ಸಾಲಿನಲ್ಲಿ ಕೂರಿಸಿದಳು.

“ಆ ಕಾಲದಲ್ಲಿ ನಮ್ಮ ದೇಶದಲ್ಲಿ ಇವರ ಥರದ ಕೆಲವು ನಿರ್ದೇಶಕರು ಹುಟ್ಟಿಕೊಂಡ್ರು” ಎಂದು ರೊವೆನಾ ಶುರುಮಾಡಿದಳು. “ಅದಕ್ಕೆ ಮುಂಚೆ ಸಿನಿಮಾಗಳಲ್ಲಿ ದೊಡ್ಡ ಬಂಗಲೆಯವರ ಪ್ರೇಮ ಇರೋದು. ನಿಮ್ಮಂಥವರು ಬರ್ತಿದ್ದದ್ದು ಬಾಗಿಲು ತೆಗೆಯೋಕೆ, ಇಲ್ಲಾ ನಗಿಸೋಕೆ. ಕ್ರಾಬ್‌ಟ್ರಿ ಅಂಥವರು ಏನ್ಮಾಡಿದ್ರು ಅಂದ್ರೆ, ಬಾಗಿಲು ತೆಗೆದವಳ ಹಿಂದೇನೇ ಕ್ಯಾಮೆರಾ ಹಿಡಕೊಂಡು ಅವಳ ಮನೆಗೆ ಹೋದ್ರು.”

“ಬಂದ್ರು, ಬಂದ್ರು” ಎಂದಿತು ಹಿಂದಿನಿಂದ ಒಂದು ದನಿ. “ನಮ್ಮಮ್ಮನ ಅಡುಗೆಮನೇಲಿ ವೈರು ಹಾಸಿ, ಕೋಳಿಮೊಟ್ಟೆಯೆಲ್ಲ ತುಳಿದುಹಾಕಿದ್ರು!”

ಎಲ್ಲರೂ ನಕ್ಕರು. ರೊವೆನಾಳೂ ನಕ್ಕಳು. “ಅವರು ನಟರಿಗೆ ಪೂರ್ತಿ ಕಥೆ ಹೇಳ್ತಿರ್ಲಿಲ್ಲ. ಇವತ್ತು ಬೆಳಗ್ಗೆ ಇವತ್ತಿನದಷ್ಟೇ. ನಮಗೂ ನಾಳೆ ಏನು ಅಂತ ಗೊತ್ತಿರಲ್ವಲ್ಲ, ಹಾಗೆ.”

“ಅವರ ಹೆಂಡ್ತಿಗಾದ್ರೂ ಹೇಳ್ತಿದ್ರಾ?” ಎಂದಳು ಮೇವಿಸ್.

“ಗೊತ್ತಿಲ್ಲಮ್ಮ. ಇನ್ನೊಂದು, ಕ್ಯಾಮೆರಾನ ದೂರ ಇಡೋರು. ಹತ್ತಿರ ಬಂದ್ರೆ ಮನುಷ್ಯ ಕೂದಲು ಬಾಚ್ಕೊಳ್ತಾನೆ. ದೂರ ಇದ್ದು, ಸುಮ್ಮನೆ ಕಾದ್ರೆ, ಅವನು ಅವನಾಗೇ ಇರ್ತಾನೆ. ಕಾಯೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.”

“ಒಣಹಾಕಿದ ಬಟ್ಟೆ ನೋಡೋಕೆ ಯಾರು ಟಿಕೆಟ್ ತಗೊಳ್ತಾರೆ ಮಗಳೇ?” ಎಂದ ಕ್ಲೆಮ್. “ನಮ್ಮ ಹಿತ್ತಲಲ್ಲಿ ಬಿಟ್ಟೀನೇ ಇದೆ.”

“ನೋಡಿ ಆಮೇಲೆ ಹೇಳಿ” ಎಂದು ಅವಳು ದೀಪ ಆರಿಸಿದಳು.

ಗಿರಣಿಯ ಸೈರನ್ನು, ಹೊಗೆ, ಒದ್ದೆ ಕಲ್ಲುಹಾಸು. ನೋಡನೋಡುತ್ತ ಸಭಾಂಗಣದಲ್ಲಿ ಗದ್ದಲವೆದ್ದಿತು. “ಅಗೋ ನಮ್ಮಪ್ಪ!” “ಅದು ಹೋಲ್ಡನ್ನಿನ ಮೀನಂಗಡಿ, ಈಗ ಪಾರ್ಕಿಂಗ್ ಮಾಡಿಬಿಟ್ಟಿದ್ದಾರೆ.” “ನೋಡೇ ನನ್ನ ಸೊಂಟ!” ಕಥೆ ದೊಡ್ಡದೇನಲ್ಲ. ಗಿರಣಿಯ ಒಬ್ಬ ಹುಡುಗಿ ನರ್ಸಾಗಲು ಹೊರಟಿದ್ದಾಳೆ, ಮನೆಯವರು ಬೇಡವೆನ್ನುತ್ತಾರೆ. ಆದರೆ ಆ ನಿರ್ದೇಶಕ ಮನುಷ್ಯನಿಗೆ ಅವಸರವೇ ಇಲ್ಲ. ಒಬ್ಬಳು ಮುದುಕಿ ಮೊಣಕಾಲೂರಿ ಹೊಸ್ತಿಲು ತಿಕ್ಕುವುದನ್ನು ಪೂರ್ತಿ ತೋರಿಸಿದ. ಬಕೆಟ್ಟಿನ ನೀರು ಬೀದಿಗೆ ಚೆಲ್ಲಿ, ಕಲ್ಲುಗಳ ಸಂದಿನಲ್ಲಿ ಹರಿದು, ಮೋರಿ ಸೇರುವವರೆಗೂ ತೋರಿಸಿದ. ಎನಿಡ್ ಬೈಯಬೇಕೆಂದೇ ಬಂದವಳು. ಕೈಚೀಲವನ್ನು ಮಡಿಲಿಗೆ ಅವುಚಿಕೊಂಡು ಮುಂದಕ್ಕೆ ಬಾಗಿ ಕೂತಳು. ತಾನು ಎಷ್ಟು ವರ್ಷ ಹಾಗೆ ಹೊಸ್ತಿಲು ತಿಕ್ಕಿರಬಹುದು! ಅದನ್ನು ದೇವರೊಬ್ಬನೇ ನೋಡುತ್ತಿದ್ದಾನೆಂದು ಅವಳು ತಿಳಿದಿದ್ದಳು. ಇಲ್ಲೊಬ್ಬ ಮನುಷ್ಯ ಅದನ್ನು ನೋಡಿದ್ದ; ನಗಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ, ನೋಡಿದ ಅಷ್ಟೆ. ಬೈಗುಳದ ಚಿತ್ರದಲ್ಲಿ ಇಷ್ಟು ಮರ್ಯಾದೆ ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ವಿಲ್ಫ್ರೆಡ್ ಕ್ಲಬ್ಬಿನಲ್ಲಿ ಕಾಣಿಸಿಕೊಂಡ. ಬಿಯರನ್ನು ನೋಡುತ್ತ ಕೂತಿದ್ದ. ಕಿವಿಯ ಮೇಲೆ ಕೂದಲು ದಟ್ಟವಾಗಿತ್ತು. ಮೇವಿಸ್ ಎನಿಡ್‌ಳ ಕೈ ಹಿಡಿದಳು, ಬಿಡಲಿಲ್ಲ.

ಆಮೇಲೆ ಸೋಮವಾರ ಬೆಳಗ್ಗೆ, ಆಲ್ಬಿಯನ್ ಬೀದಿ. ಎತ್ತರದ ಯಾವುದೋ ಮನೆಯ ಕಿಟಕಿಯಿಂದ ತೆಗೆದದ್ದು. ಬೀದಿ ಉದ್ದಕ್ಕೂ ಕೆಳಗೆ ಹರಡಿಕೊಂಡಿತ್ತು. ಸೋಮವಾರವೆಂದರೆ ಆ ಊರಿನಲ್ಲಿ ಒಗೆತದ ದಿನ. ಈ ಮನೆಯಿಂದ ಎದುರು ಮನೆಗೆ ಬೀದಿಯ ಅಡ್ಡ ಹಗ್ಗ ಕಟ್ಟಿ ಬಟ್ಟೆ ಹಾಕುತ್ತಿದ್ದರು. ಆ ದಿನ ಬೀದಿಯೊಳಗೆ ಸೈಕಲ್ಲೂ ಬರುತ್ತಿರಲಿಲ್ಲ. ಕಲ್ಲಿದ್ದಲಿನವನಂತೂ ಪ್ರಾಣ ಹೋದರೂ ಸೋಮವಾರ ಬರುತ್ತಿರಲಿಲ್ಲ. ಬಂದು ಬಟ್ಟೆಗೆ ಮಸಿ ಹತ್ತಿಸಿದರೆ ಹೆಂಗಸರು ಅವನನ್ನೇ ಒಗೆದುಹಾಕುತ್ತಿದ್ದರು. ಪರದೆಯ ಮೇಲೆ ಬೀದಿ ಇನ್ನೂ ಖಾಲಿ, ಎಲ್ಲರಿಗಿಂತ ಮೊದಲು ಯಾರೋ ಒಬ್ಬರು ಬಂದು ಬಟ್ಟೆ ಹಾಕುತ್ತಿದ್ದಾರೆ. ಗಂಡಸು. ಅತ್ತ ಇತ್ತ ಕಳ್ಳನಂತೆ ನೋಡುತ್ತಾನೆ. ಬಾಯಿ ತುಂಬ ಕ್ಲಿಪ್ಪು. ಒಂದು ಅಂಗಿಯನ್ನು ಭುಜದಿಂದ ನೇತುಹಾಕಿದ. ಅಂಗಿಯನ್ನು ಕೆಳಗಿನ ಅಂಚಿನಿಂದ ನೇತುಹಾಕಬೇಕೆಂದು ಆ ಬೀದಿಯ ಹಸುಳೆಗೂ ಗೊತ್ತು.

ಸಭಾಂಗಣದಲ್ಲಿ ನಗು ಹಬ್ಬಿತು. “ವಿಲ್ಫ್ ಕೈಲಿ ಏನೇನು ಮಾಡಿಸಿದ್ದಾರಪ್ಪ!” ಎಂದು ಯಾರೋ ಅಂದರು. ಚಿತ್ರ ನೋಡಿದವರೆಲ್ಲ ಆಗಲೂ ಹಾಗೆಯೇ ಅಂದುಕೊಂಡಿದ್ದರು, ನಿರ್ದೇಶಕ ಹೇಳಿಕೊಟ್ಟದ್ದೆಂದು. ಆ ಕಾಲದ ಆಲ್ಬಿಯನ್ ಬೀದಿಯಲ್ಲಿ ಹೆಂಡತಿಯ ಒಗೆತ ಒಗೆದು ಬೀದಿಗೆ ಹಾಕುವ ಗಂಡಸು ಇರುವುದಾದರೂ ಹೇಗೆ?

ಎನಿಡ್ ನಗಲಿಲ್ಲ. ಅವನು ಬುಟ್ಟಿಯಿಂದ ಮಂಚಕ್ಕೆ ಹಾಸುವ ಒಂದು ಬಿಳಿಯ ಹಾಸು ತೆಗೆದು ಹಗ್ಗಕ್ಕೆ ಹರಡಿದ. ಬೆಳಗಿನ ಬಿಸಿಲು ಅದರ ಹಿಂದಿನಿಂದ ಬಂದು, ನಡುಮಧ್ಯದಲ್ಲಿ ಮೇಲಿಂದ ಕೆಳಗೆ ಒಂದು ಹೊಲಿಗೆ ಕಾಣಿಸಿತು. ಹಾಸು ನಡುವೆ ಸವೆದಾಗ ಉದ್ದಕ್ಕೆ ಸೀಳಿ, ಗಟ್ಟಿಯಾದ ಅಂಚುಗಳನ್ನು ನಡುವಿಗೆ ತಂದು ಕೂಡಿಸಿ ಹೊಲಿಯುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಆ ಹೊಲಿಗೆ ಅರ್ಧಕ್ಕೆ ಬಂದು ಬಲಗಡೆಗೆ ವಾಲಿ ಮತ್ತೆ ನೇರವಾಗಿತ್ತು. ಅದು ಎನಿಡ್ ಬಸುರಿಯಾಗಿದ್ದಾಗ ಹೊಲಿದದ್ದು, ನಡುವೆ ವಾಂತಿ ಬಂದು ಮಿಷನ್ನಿನಿಂದ ಎದ್ದು ಓಡಿದ್ದಳು.

ಆ ಕೂಸು ನಿಲ್ಲಲಿಲ್ಲ. ಅದಕ್ಕೇ ಅವಳು ಆಸ್ಪತ್ರೆಯಲ್ಲಿದ್ದದ್ದು. ಆ ರಾತ್ರಿ ಆಂಬುಲೆನ್ಸು ಬಂದಾಗ ಹಾಸಿಗೆ ಯಾವ ಸ್ಥಿತಿಯಲ್ಲಿತ್ತೆಂದು ಅವಳಿಗೆ ಗೊತ್ತು. ವಾಪಸು ಬಂದಾಗ ಅದೇ ಹಾಸು, ಹಾಲಿನಂತೆ ಬಿಳಿಯಾಗಿ, ಮಂಚದ ಮೇಲೆ ಬಿಗಿಯಾಗಿ ಹಾಸಿತ್ತು. ಮೇವಿಸ್ ಒಗೆದಿರಬೇಕೆಂದು ತಿಳಿದಳು. ಇನ್ನಾರು ಒಗೆದಾರು?

ಪರದೆಯ ತುದಿಯಲ್ಲಿ ಲಾರಿಯ ಮೂತಿ ಕಾಣಿಸಿತು. ಸೋಮವಾರ ಬೆಳಗ್ಗೆ, ಕಲ್ಲಿದ್ದಲಿನ ಲಾರಿ! ನಿರ್ದೇಶಕನು ಯಾರಿಗೂ ತಿಳಿಸದೆ ಕರೆಸಿದ್ದು, ಬೀದಿಯವರು ಏನು ಮಾಡುತ್ತಾರೋ ನೋಡಲೆಂದು. ಕ್ಲೆಮ್‌ನ ಬೆರಳು ಗುಂಡಿಯನ್ನು ಹಿಡಿಯಿತು. ಲಾರಿಯ ಸದ್ದು ಸಣ್ಣದಾಗತೊಡಗಿತು.

“ಕ್ಲೆಮ್!” ಎನಿಡ್ ಎದ್ದು ನಿಂತಿದ್ದಳು. ಕೈಚೀಲ ಕೆಳಗೆ ಬಿತ್ತು. “ಕೈ ತೆಗಿ ಅದರ ಮೇಲಿಂದ!”

“ಅಲ್ಲಮ್ಮ, ಪಾದ್ರಿಗಳು...”

“ಪಾದ್ರಿಗಳಿಗೆ ನಾನು ಹೇಳ್ಕೊಳ್ತೀನಿ! ಜೋರು ಮಾಡು! ಇನ್ನೂ ಜೋರು!”

ಹಾಡಿನವರ ಸಾಲಿನಲ್ಲಿ ಬೆಳೆದ ದನಿ ಅದು. ಕ್ಲೆಮ್ ಬೆದರಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟ. ಲಾರಿ ಸಭಾಂಗಣದೊಳಗೇ ನುಗ್ಗಿದಂತೆ ಗುಡುಗಿತು. ಪರದೆಯ ಮೇಲಿನ ವಿಲ್ಫ್ರೆಡ್ ತಿರುಗಿ ನೋಡಿದ, ಬಾಯಿಂದ ಕ್ಲಿಪ್ಪುಗಳು ಉದುರಿದವು, ಆ ಮಾತು ಹೊರಬಂತು. ಅದನ್ನು ಇಲ್ಲಿ ಬರೆಯುವುದು ಬೇಡ. ಆದರೆ ಅದರ ಹಿಂದೆಯೇ, ಬೈಗುಳದ ಗದ್ದಲದಲ್ಲಿ ಊರಿನವರು ಅಂದು ಲೆಕ್ಕಕ್ಕಿಡದ ಇನ್ನಷ್ಟು ಬಂತು, ಒಡೆದ ಗಂಟಲಿನಲ್ಲಿ, ಎರಡೂ ಕೈ ಚಾಚಿ ಲಾರಿಗೆ ಅಡ್ಡ ನಿಂತು:

“ನಿಲ್ಸೋ! ನಮ್ಮ ಎನಿಡ್‌ದು ಕಣೋ ಅದು! ಬುಧವಾರ ಮನೆಗೆ ಬರ್ತಾಳೆ ಅವಳು!”

ಹಾಸನ್ನು ಹಗ್ಗದಿಂದ ಕಿತ್ತು, ಮಗುವನ್ನು ಎತ್ತಿಕೊಂಡಂತೆ ಎದೆಗವುಚಿಕೊಂಡು ಅವನು ಮನೆಯೊಳಗೆ ಓಡಿದ. ಲಾರಿ ನಿಂತಿತು. ಬೀದಿಯ ಬಾಗಿಲುಗಳೆಲ್ಲ ತೆರೆದು ಹೆಂಗಸರು ಕೋಲು, ಪೊರಕೆ ಹಿಡಿದು ಹೊರಬಂದರು.

ರೊವೆನಾ ಚಿತ್ರವನ್ನು ನಿಲ್ಲಿಸಿದಳು. ಪಾದ್ರಿ ಟೆಂಪೆಸ್ಟ್ ಕಿವಿಯವರೆಗೂ ಕೆಂಪಾಗಿ ಎದ್ದು ಬಂದರು. “ಮಿಸೆಸ್ ಸಗ್ಡನ್, ತಪ್ಪು ನಮ್ಮದು. ನಾವು ಅಂದುಕೊಂಡದ್ದು...”

“ನಿಮ್ಮದೇನೂ ತಪ್ಪಿಲ್ಲ ಪಾದ್ರಿಗಳೇ. ನನಗೇ ಬಾಯಿ ಬರ್ಲಿಲ್ಲ ಅವತ್ತು.” ಎನಿಡ್ ಕೂತಳು. ಅಳುತ್ತಿದ್ದಳು, ನಡುನಡುವೆ ನಗುತ್ತಲೂ ಇದ್ದಳು. ಆಮೇಲೆ ಮೇವಿಸ್ ಕಡೆಗೆ ತಿರುಗಿದಳು. “ಆ ಹಾಸು ಒಗೆದದ್ದು ನೀನಲ್ವೇನೇ?”

“ನಾನು ಒಗೆದೆ ಅಂತ ಒಂದು ದಿನವಾದ್ರೂ ಹೇಳಿದ್ನಾ?”

“ಪ್ರತಿ ಕ್ರಿಸ್‌ಮಸ್ಸಿಗೆ ಅದಕ್ಕೇ ಅಂತ ಕೇಕ್ ಮಾಡಿಕೊಟ್ಟೆನಲ್ಲೇ, ಕಳ್ಳೀ!”

“ಬೇಡ ಅಂತ ಹೇಳಬೇಕು ಅಂದ್ಕೊಳ್ತಿದ್ದೆ. ಕೇಕ್ ಚೆನ್ನಾಗಿರೋದು.” ಮೇವಿಸ್ ಕರವಸ್ತ್ರವನ್ನು ಅವಳ ಕೈಗೆ ತುರುಕಿದಳು. “ಅವನೇ ಬಂದು ಕಾಲು ಹಿಡ್ಕೊಳ್ಳೋದೊಂದು ಬಾಕಿ. ‘ಮೇವಿಸ್, ನಾನು ಬಟ್ಟೆ ಒಗೆದೆ ಅಂತ ಗೊತ್ತಾದ್ರೆ ಗಿರಣೀಲಿ ತಲೆ ಎತ್ತೋ ಹಾಗಿಲ್ಲ. ನೀನು ಒಗೆದೆ ಅಂತ ಇರಲಿ’ ಅಂದ. ಆ ಕ್ರಾಬ್‌ಟ್ರಿನೂ ಒಳ್ಳೆ ಮನುಷ್ಯ. ‘ಇದನ್ನ ಚಿತ್ರದಲ್ಲಿ ಇಟ್ಕೊಳ್ಳಲಾ?’ ಅಂತ ವಿಲ್ಫ್‌ನ ಕೇಳಿದ. ‘ಇಟ್ಕೊಳ್ಳಿ, ಯಾರಾದ್ರೂ ಕೇಳಿದ್ರೆ ನೀವೇ ಹೇಳಿಕೊಟ್ಟದ್ದು ಅನ್ನಿ’ ಅಂದ ಇವನು. ಬೈಗುಳದ ಹೆಸರು ಹೊತ್ಕೊಂಡ, ಉಸ್ತುವಾರಿ ಬಿಟ್ಟ, ಬಟ್ಟೆ ಒಗೆದದ್ದು ಮಾತ್ರ ಬಿಟ್ಟುಕೊಡಲಿಲ್ಲ. ಗಂಡಸರು!”

“ಅವನು ಹೋದ ಮೇಲಾದ್ರೂ ಹೇಳಬಾರದಿತ್ತಾ?”

“ಹೇಳಿದ್ರೆ ಮಾತು ಆಗಿರೋದು. ನಿನಗೆ ದನಿ ಬೇಕಿತ್ತು ಅಂತ ನನಗೆ ಗೊತ್ತಾಗಲ್ವಾ? ಬಾ ಬಾ ಅಂತ ಎಳ್ಕೊಂಡು ಬಂದೋಳು ಯಾರು?”

ಎನಿಡ್ ಕಣ್ಣೊರೆಸಿಕೊಂಡಳು. ಗಂಡನನ್ನು ಉಸ್ತುವಾರಿಯಿಂದ ಇಳಿಸಿದ ಆಗಿನ ಪಾದ್ರಿ, ಅವನ ಮೇಲೆ ಮುನಿಸಿಕೊಂಡ ತಾನು, ಕಿತ್ತ ಪ್ಲಗ್ಗು, ಒಂದೊಂದಾಗಿ ನೆನಪಾದವು. ‘ಆಯ್ತು ಚಿನ್ನಾ, ನಿನ್ನಿಷ್ಟ.’ ಈಗ ಆ ಮಾತು ಅವನದೇ ದನಿಯಲ್ಲಿ ಕೇಳಿಸಿತು. ಸ್ವಾಮಿ ಕೇಳಿದ್ದನ್ನು ಕೊಟ್ಟಿದ್ದ, ತನಗೆ ತೋಚಿದ ಪೊಟ್ಟಣದಲ್ಲಿ ಕಟ್ಟಿ ಕೊಟ್ಟಿದ್ದ. ಪೊಟ್ಟಣ ನೋಡಿ ಮೂಗು ಮುರಿಯಲು ಅವಳು ಯಾರು?

“ಮಗಳೇ” ಎಂದು ರೊವೆನಾಳನ್ನು ಕರೆದಳು. “ಅದನ್ನ ಹಿಂದಕ್ಕೆ ತಿರುಗಿಸೋಕೆ ಆಗತ್ತಾ?”

“ಆಗತ್ತಮ್ಮ. ಎಲ್ಲಿಂದ? ಲಾರಿ ಬರೋದರಿಂದ?”

“ಇಲ್ಲ. ನಮ್ಮನೆಯವರು ಬುಟ್ಟಿ ಹಿಡಕೊಂಡು ಬಾಗಿಲು ತೆಗೆಯೋದರಿಂದ.”

“ಚಹಾ ಸಿದ್ಧವಾಗಿದೆ...” ಎಂದರು ಪಾದ್ರಿಗಳು, ಯಾರಿಗೆ ಹೇಳುವುದೆಂದು ತೋಚದೆ.

“ಆರಲಿ ಬಿಡಿ ಪಾದ್ರಿಗಳೇ, ಕೂತ್ಕೊಳ್ಳಿ” ಎಂದ ಕ್ಲೆಮ್. “ಸೌಂಡು ಎಷ್ಟಿಡಲಿ, ಎನಿಡ್?”

“ಈಗಿದ್ದಷ್ಟೇ ಇರಲಿ.”

ದೀಪ ಮತ್ತೆ ಆರಿತು. “ಈ ಸಲ ಎಡಗಡೆ ಮೇಲಿನ ಕಿಟಕಿ ನೋಡು” ಎಂದು ಮೇವಿಸ್ ಪಿಸುಗುಟ್ಟಿದಳು. “ಪರದೆ ಸರಿಸಿ ಇಣುಕ್ತಾ ಇರೋದು ನಾನೇ.”

ಎನಿಡ್ ಕಿಟಕಿಯನ್ನು ನೋಡಲಿಲ್ಲ. ಬೀದಿಯ ಕೆಳಗೆ ಒಂದು ಬಾಗಿಲು ತೆರೆದಿತ್ತು. ಅವನು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಅತ್ತ ಇತ್ತ ನೋಡಿ, ಯಾರೂ ಕಾಣುತ್ತಿಲ್ಲವೆಂದು ನಂಬಿ, ಹೊರಗೆ ಹೆಜ್ಜೆಯಿಟ್ಟ.